ಗ್ಯಾರಂಟಿ ಮನೆಯ ವೋಟು

ನಮ್ಮ ಕ್ಷೇತ್ರದ ಶಾಸಕರ ಚುನಾವಣೆಗಳನ್ನು ನಾನು ನೆನಪಿಟ್ಟುಕೊಂಡಿರೋದು ಕೋಡುಬಳೆಯಿಂದ. ಯಾವ ಸಲ ಗೆದ್ದರು, ಯಾವ ಸಲ ಸೋತರು, ಯಾವಾಗ ಪಕ್ಷ ಬಿಟ್ಟರು, ಯಾವಾಗ ಬಿಟ್ಟ ಪಕ್ಷಕ್ಕೇ ವಾಪಸ್ ಬಂದು ಹಾರ ಹಾಕಿಸಿಕೊಂಡರು ಅನ್ನೋದೆಲ್ಲ ಪೇಪರಿನವರಿಗೆ ಗೊತ್ತು. ಯಾವ ಸಲದ ಕೋಡುಬಳೆ ಗರಿಗರಿಯಾಗಿತ್ತು, ಯಾವ ಸಲ ಖಾರ ಜಾಸ್ತಿಯಾಯಿತು, ಯಾವ ಸಲ ಎಣ್ಣೆ ಕುಡಿದು ಮೆತ್ತಗಾಯಿತು ಅನ್ನೋದು ನನಗೆ ಗೊತ್ತು. ಮಾಡುತ್ತಿದ್ದವರು ನಮ್ಮತ್ತೆ. ಮಾಡುತ್ತಿದ್ದದ್ದು ಶಾಸಕರಿಗೆ ಅಂತ. ತಿನ್ನುತ್ತಿದ್ದವರು ಮಾತ್ರ ನಾವು.

ನಮ್ಮ ರಸ್ತೆ ಬಸವನಗುಡಿಗೂ ಚಾಮರಾಜಪೇಟೆಗೂ ನಡುವೆ ಎಲ್ಲೋ ಸಿಕ್ಕಿಹಾಕಿಕೊಂಡಿತ್ತು. ಹೆಣ್ಣು ನೋಡೋಕೆ ಬರುವವರಿಗೆ ಬಸವನಗುಡಿ ಅನ್ನುತ್ತಿದ್ದೆವು, ಆಟೋದವರಿಗೆ ಚಾಮರಾಜಪೇಟೆ ಅನ್ನುತ್ತಿದ್ದೆವು. ಎರಡೂ ಕಡೆಯವರು ನಮ್ಮನ್ನು ತಮ್ಮವರು ಅಂದುಕೊಂಡಿದ್ದರಿಂದ ಕಸದ ಗಾಡಿ ಎರಡೂ ಕಡೆಯಿಂದಲೂ ಬರುತ್ತಿರಲಿಲ್ಲ. ಈ ವಿಷಯವನ್ನು ಶಾಸಕರ ಗಮನಕ್ಕೆ ತಂದಿದ್ದೀನಿ ಅಂತ ಅಪ್ಪ ನನ್ನ ಬಾಲ್ಯ ಪೂರ್ತಿ ಹೇಳುತ್ತಿದ್ದರು.

ಅತ್ತೆ ಅಂದರೆ ಅಪ್ಪನ ಅಕ್ಕ. ಮದುವೆಯಾಗಿರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು ರಿಟೈರಾದವರು. ಮನೆಯಲ್ಲಿ ಮುಂದಿನ ಕೋಣೆ ಅವರದು, ರೇಡಿಯೋ ಅವರದು, ಬೆಳಗಿನ ಪೇಪರು ಮೊದಲು ಅವರದು. ಅವರಿಗೆ ಒಂದೇ ಒಂದು ಹಟ ಇತ್ತು. ಯಾರೇ ಮದುವೆಗೆ ಕರೆಯೋಕೆ ಬಂದರೂ ಅಪ್ಪನ ಕೈಗೆ ಪತ್ರಿಕೆ ಕೊಟ್ಟು, ಅಮ್ಮನಿಗೆ ಕುಂಕುಮ ಇಟ್ಟು, "ಮನೆಯವರೆಲ್ಲ ಬಂದ್ಬಿಡಿ" ಅಂದು ಎದ್ದು ಹೋದರೆ ಅತ್ತೆ ಆ ಮದುವೆಗೆ ಊಟಕ್ಕೆ ಹೋಗುತ್ತಿರಲಿಲ್ಲ.

"ಮನೆಯವರೆಲ್ಲ ಅಂದ್ರೆ ಯಾರು? ಬೇಕಾದ್ರೆ ಬೆಕ್ಕೂ ಮನೇದೇ," ಅನ್ನುತ್ತಿದ್ದರು. "ನಂಗೊಂದು ಹೆಸರಿದೆ. ಒಳಗೆ ಬರ್ಬೇಕು, ಕೂರ್ಬೇಕು, ನನ್ನ ಮುಖ ನೋಡಿ ಬಾಯಿಬಿಟ್ಟು ಕರೀಬೇಕು. ಆವಾಗ ಅದು ಕರೆದ ಹಾಗೆ."

ತೀರಾ ಹತ್ತಿರದ ನೆಂಟರಾದರೆ ಛತ್ರದವರೆಗೆ ಹೋಗುತ್ತಿದ್ದರು, ಅಕ್ಷತೆ ಹಾಕುತ್ತಿದ್ದರು, ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಎದ್ದು ಮನೆಗೆ ಬಂದು ಮೊಸರನ್ನ ಕಲಸಿಕೊಳ್ಳುತ್ತಿದ್ದರು. ಆ ಮೊಸರನ್ನವನ್ನು ಅವರು ತಿನ್ನುತ್ತಿದ್ದ ಠೀವಿ ನೋಡಿದರೆ ಛತ್ರದ ಹೋಳಿಗೆ ತಿಂದು ಬಂದ ನಮಗೇ ನಾಚಿಕೆಯಾಗುತ್ತಿತ್ತು. ಮದುವೆಯಾಗದ ಹೆಂಗಸು ಅಂತ ಜನ ಅವರನ್ನು ಅಪ್ಪನ ಸಂಸಾರದ ಬಾಲಂಗೋಚಿ ಮಾಡಿಬಿಡುತ್ತಿದ್ದರು. ಅದರಿಂದ ಅವರಿಗೆ ನೋವಾಗುತ್ತಿತ್ತು. ನಾವು ಅದನ್ನು ಕೊಬ್ಬು ಅಂದುಕೊಂಡಿದ್ದೆವು.

ಅತ್ತೆ ಈ ಕಾನೂನನ್ನು ಚುನಾವಣೆಗೂ ಹಚ್ಚಿಬಿಟ್ಟಿದ್ದರು. ವೋಟು ಕೇಳೋದು ಅಂದರೆ ಕರೆಯೋದೇ ತಾನೆ ಅನ್ನೋದು ಅವರು ನನ್ನೊಬ್ಬಳ ಹತ್ತಿರ ಹೇಳಿಕೊಂಡಿದ್ದ ವಾದ. ಅಭ್ಯರ್ಥಿ ಒಳಗೆ ಬರಬೇಕು, ಕೂರಬೇಕು, ಕೇಳಬೇಕು. ಯಾರು ಹಾಗೆ ಕೇಳುತ್ತಾರೋ ಅವರಿಗೆ ವೋಟು. ಪಕ್ಷ, ಜಾತಿ, ಗುರುತು ಯಾವುದೂ ಅಡ್ಡ ಬರುತ್ತಿರಲಿಲ್ಲ. ಇಷ್ಟು ಸುಲಭವಾಗಿ ಸಿಗುವ ವೋಟು ಇಡೀ ಬೆಂಗಳೂರಿನಲ್ಲಿ ಇನ್ನೊಂದಿರಲಿಲ್ಲ. ಆದರೆ ಅದನ್ನು ಯಾರೂ ಬಂದು ಕೇಳಲಿಲ್ಲ, ಅದಕ್ಕೆ ಕಾರಣ ನಮ್ಮಪ್ಪ.

ಅಪ್ಪನಿಗೆ ಗಾಂಧಿ ಬಜಾರಿನ ಹತ್ತಿರ ನೋಟ್‌ಪುಸ್ತಕ, ಪೆನ್ಸಿಲ್ಲು, ಜಾಮಿಟ್ರಿ ಬಾಕ್ಸ್ ಮಾರುವ ಅಂಗಡಿಯಿತ್ತು. ಜೀವ ಇದ್ದದ್ದು ಶಾಸಕರ ಮೇಲೆ. ಗಣೇಶನ ಉತ್ಸವದ ಕಮಿಟಿಯಲ್ಲಿ ಪರಿಚಯವಾದ ಮನುಷ್ಯ, ಒಂದು ದಿನ ಅಪ್ಪನ ಹೆಗಲ ಮೇಲೆ ಕೈ ಹಾಕಿ "ನೀವಿರೋ ರಸ್ತೇಲಿ ನಂಗೇನ್ರೀ ಯೋಚನೆ" ಅಂದಿದ್ದರಂತೆ. ಅಷ್ಟೇ. ಆ ಹೆಗಲಿಗೆ ಆಮೇಲೆ ಅಪ್ಪ ಕಿರಾಣಿ ಚೀಲ ಕೂಡ ಏರಿಸಲಿಲ್ಲ ಅಂತ ಅಮ್ಮ ಆಡಿಕೊಳ್ಳುತ್ತಿದ್ದರು.

ಪ್ರಚಾರ ಶುರುವಾದರೆ ಅಪ್ಪ ನಮ್ಮ ಬಡಾವಣೆಯ ಪೈಲಟ್. ಹಿಂದೆ ತಮಟೆಯವರು, ಅದರ ಹಿಂದೆ ತೆರೆದ ಜೀಪಿನಲ್ಲಿ ಶಾಸಕರು, ಸುತ್ತ ಹುಡುಗರು. ಎಲ್ಲರಿಗಿಂತ ಮುಂದೆ ಹೆಗಲ ಮೇಲೆ ಶಲ್ಯ ಹಾಕಿಕೊಂಡು ಅಪ್ಪ. ಯಾವ ಮನೆಯ ಮುಂದೆ ಜೀಪು ನಿಲ್ಲಬೇಕು, ಯಾವ ಮನೆ ಮುಂದೆ ಓಡಬೇಕು ಅನ್ನೋದು ಅವರ ಕೈಸನ್ನೆಯ ಮೇಲೆ. ಅದಕ್ಕೊಂದು ಶಾಸ್ತ್ರವನ್ನೇ ಮಾಡಿಕೊಂಡಿದ್ದರು. ರಾತ್ರಿ ಅತ್ತೆ ಉಂಡು ಮುಂದಿನ ಕೋಣೆಗೆ ಹೋದ ಮೇಲೆ ಊಟಕ್ಕೆ ಕೂತಾಗ ಹಪ್ಪಳ ಮುರಿದು ತಟ್ಟೆಯ ಅಂಚಿಗೆ ಮನೆಗಳ ಹಾಗೆ ಜೋಡಿಸಿ ನನಗೆ ವಿವರಿಸುತ್ತಿದ್ದರು. "ನೋಡು, ಇದು ವಿರೋಧಿಗಳ ಮನೆ. ಇಲ್ಲಿ ಇಳಿದು ಕಾಲಿಗೆ ಬೀಳ್ಬೇಕು. ಇದು ಡೌಟು ಮನೆ. ಒಳಗೆ ಹೋಗಿ ಕಾಫಿ ಕುಡೀಬೇಕು. ಇದು ಗ್ಯಾರಂಟಿ ಮನೆ. ಇಲ್ಲಿ ಸುಮ್ನೆ ಕೈ ಬೀಸಿ ಮುಂದೆ ಹೋಗ್ತಾ ಇರೋದು. ಟೈಮ್ ವೇಸ್ಟ್ ಮಾಡ್ಬಾರ್ದು." ಅಂದು ಗ್ಯಾರಂಟಿ ಮನೆಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ನಮ್ಮ ರಸ್ತೆಯಲ್ಲಿ ಎಲ್ಲಕ್ಕಿಂತ ಗ್ಯಾರಂಟಿ ಮನೆ ಯಾವುದು ಅಂತ ಬೇರೆ ಹೇಳಬೇಕಾಗಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಕಣ್ಣಾರೆ ನೋಡಿದ ಮೊದಲ ಚುನಾವಣೆ ಹೀಗಾಯಿತು. ಆಗಲೇ ಅವರು ಶಾಸಕರಾಗಿ ಹಳಬರು, ಹೊಟ್ಟೆ ಬಂದಿತ್ತು. ಅತ್ತೆ ಬೆಳಗ್ಗೆಯೇ ಎದ್ದು ತಲೆಗೆ ನೀರು ಹಾಕಿಕೊಂಡು, ಡಿಕಾಕ್ಷನ್ ಇಳಿಸಿ, ಕೋಡುಬಳೆ ಕರಿದು ಡಬ್ಬಿ ತುಂಬಿಸಿದ್ದರು. ಮುಂದಿನ ಕೋಣೆಯ ಕುರ್ಚಿಗೆ ಒಗೆದ ಟವಲ್ ಹಾಸಿ, ತಟ್ಟೆಯಲ್ಲಿ ಕುಂಕುಮ, ಅಕ್ಷತೆ, ಹೂವು ಇಟ್ಟುಕೊಂಡು ಗೇಟಿನ ಹತ್ತಿರ ನಿಂತರು. ನಾನು ಪಕ್ಕದಲ್ಲಿದ್ದೆ. ತಮಟೆ ಹತ್ತಿರ ಬಂತು. ಎದುರುಮನೆಯ ಮುಂದೆ ಜೀಪು ನಿಂತಿತು. ಶಾಸಕರು ಇಳಿದು ಒಳಗೆ ಹೋಗಿ ಬಾಯಿ ಒರೆಸಿಕೊಳ್ಳುತ್ತ ಹೊರಬಂದರು. ಪಕ್ಕದ ಹೋಮಿಯೋಪತಿ ಡಾಕ್ಟರರ ಮನೆಗಂತೂ ಹೋಗಿ ಕೂತೇಬಿಟ್ಟರು. ಆಮೇಲೆ ಜೀಪು ನಮ್ಮ ಗೇಟಿಗೆ ಬಂತು. ಅಪ್ಪ ಮುಖದಲ್ಲಿ ದೊಡ್ಡ ನಗು ತುಂಬಿಕೊಂಡು ಶಲ್ಯ ಬೀಸಿ ಮುಂದೆ ಮುಂದೆ ಅಂತ ಸನ್ನೆ ಮಾಡಿದರು. ಜೀಪಿನ ಮೇಲೇ ಕಣ್ಣಿಟ್ಟಿದ್ದ ಅತ್ತೆಯ ಕಡೆ ನೋಡಿ ಶಾಸಕರು ಕೈ ಮುಗಿದರು. ಜೀಪು ಹೊರಟು ಹೋಯಿತು.

ಅತ್ತೆ ತಟ್ಟೆ ಹಿಡಿದುಕೊಂಡು ಗೇಟಿನಲ್ಲೇ ಇದ್ದರು. ತಮಟೆಯ ಸದ್ದಿಗೆ ಬೆದರಿದ ಹಸುವೊಂದು ಬಂದು ತಟ್ಟೆಯಲ್ಲಿದ್ದ ಹೂವಿಗೆ ಬಾಯಿ ಹಾಕಿತು. "ನೀನಾದ್ರೂ ಬಂದ್ಯಲ್ಲ," ಅಂದು ಅದರ ಹಣೆಗೆ ಕುಂಕುಮ ಇಟ್ಟು ಒಳಗೆ ಹೋದರು.

ವೋಟಿನ ದಿನ ಅತ್ತೆ ಬೂತಿಗೆ ಹೋಗದೆ ಇರಲಿಲ್ಲ. ಮೂವತ್ತು ವರ್ಷ ಸರ್ಕಾರದ ಸಂಬಳ ತಿಂದವರು, ಸರ್ಕಾರ ಕರೆದ ಮೇಲೆ ಹೋಗಲೇಬೇಕು. ಎದುರು ಸಾಲಿನ ಶಾಲೆಯಲ್ಲಿ ಕ್ಯೂ ನಿಂತು, ಬೆರಳಿಗೆ ಮಸಿ ಹಚ್ಚಿಸಿಕೊಂಡು, ಮತಪತ್ರ ತೆಗೆದುಕೊಂಡು ಮರೆಗೆ ಹೋಗಿ, ಮೊಹರನ್ನು ಮುಟ್ಟದೆ, ಅಚ್ಚುಕಟ್ಟಾಗಿ ಮಡಿಸಿ ಪೆಟ್ಟಿಗೆಗೆ ಹಾಕಿ ಬಂದರು. ಬಂದು ನನಗೊಬ್ಬಳಿಗೇ ಹೇಳಿದರು. "ಅಕ್ಷತೆ ಹಾಕಿ ಬಂದೆ. ಊಟಕ್ಕೆ ಕೂರ್ಲಿಲ್ಲ."

ಅಪ್ಪ ಅವರ ಬೆರಳಿನ ಮಸಿ ನೋಡಿ ಸಂತೋಷಪಟ್ಟುಕೊಂಡರು. ಆ ಸಲ ಶಾಸಕರು ಗೆದ್ದರು. ಅಪ್ಪ ಮೆರವಣಿಗೆಯಲ್ಲಿ ಗುಲಾಲು ಬಳಿಸಿಕೊಂಡು ಬಂದು, "ನಮ್ಮನೆ ವೋಟುಗಳೇ ಕಣಮ್ಮಾ ಅವ್ರನ್ನ ದಡ ಹತ್ತಿಸಿದ್ದು" ಅಂದರು. ಅತ್ತೆ ಅವರ ತಟ್ಟೆಗೆ ಇನ್ನೆರಡು ಕೋಡುಬಳೆ ಹಾಕಿದರು.

ಹೀಗೆ ಅತ್ತೆಗೆ ಅಪ್ಪನ ಶಾಸ್ತ್ರ ಗೊತ್ತಿರಲಿಲ್ಲ, ಅಪ್ಪನಿಗೆ ಅತ್ತೆಯ ಶಾಸ್ತ್ರ ಗೊತ್ತಿರಲಿಲ್ಲ, ಎರಡೂ ಗೊತ್ತಿದ್ದು ಹೊಟ್ಟೆ ಉಬ್ಬಿಸಿಕೊಂಡು ಕೂತವಳು ನಾನೊಬ್ಬಳು. ಹೇಳಬಾರದಿತ್ತಾ ಅಂತ ನೀವು ಕೇಳಬಹುದು. ಅತ್ತೆಯನ್ನು ಕೇಳಿದೆ. "ಹೇಳಿಸ್ಕೊಂಡು ಬಂದ್ರೆ ಅದು ಕರೆದ ಹಾಗಾಗಲ್ಲ. ಬಾಯಿ ಬಿಟ್ರೆ ನೋಡು," ಅಂದರು. ಅಪ್ಪನಿಗೆ ಉಪಾಯವಾಗಿ ಹೇಳಿ ನೋಡಿದೆ. "ಅಪ್ಪ, ಒಂದ್ಸಲ ಅವ್ರನ್ನ ಒಳಗೆ ಕರ್ಕೊಂಡು ಬನ್ನಿ." ಅಪ್ಪ ನನ್ನನ್ನು ಪಾಪ ಅನ್ನೋ ಹಾಗೆ ನೋಡಿದರು. "ನಮ್ಮನೆಗೆ ಯಾಕಮ್ಮ? ಈ ವೋಟೆಲ್ಲ ಆಗ್ಲೇ ಜೇಬಲ್ಲಿದೆ."

ಇದರಲ್ಲಿ ಇನ್ನೊಂದು ಚಂದ ಇತ್ತು. ವಿರೋಧ ಪಕ್ಷದವರೂ ನಮ್ಮ ಮನೆಗೆ ಬರುತ್ತಿರಲಿಲ್ಲ. ಅಪ್ಪ ಯಾರ ಕಡೆ ಅಂತ ಇಡೀ ಬಡಾವಣೆಗೆ ಗೊತ್ತಲ್ಲ, ಅವರೂ ಗೇಟಿನ ಮುಂದೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಇವರು ನಮ್ಮದು ಅಂತ ಬಿಟ್ಟರು, ಅವರು ನಮ್ಮದಲ್ಲ ಅಂತ ಬಿಟ್ಟರು. ಅತ್ತೆ ಮಾತ್ರ ಪ್ರತಿ ಸಲವೂ ಡಿಕಾಕ್ಷನ್ ಇಳಿಸುತ್ತಿದ್ದರು.

ಮುಂದಿನ ಚುನಾವಣೆಯಲ್ಲೂ ಇದೇ ಕಥೆ. ಅದರಲ್ಲಿ ನನಗೂ ವೋಟು ಬಂದಿತ್ತು. ನಾನು ಅಪ್ಪ ಹೇಳಿದವರಿಗೇ ಮೊಹರು ಒತ್ತಿ ಬಂದೆ. ಅಮ್ಮ ಅಪ್ಪ ಹೇಳಿದ್ದಕ್ಕೆ ಹ್ಞೂಂ ಅಂದುಕೊಂಡು ಹೋಗಿ ಒಳಗೆ ಏನು ಮಾಡುತ್ತಿದ್ದರೋ ದೇವರಿಗೇ ಗೊತ್ತು. ಅತ್ತೆ ಮತ್ತೆ ಅಕ್ಷತೆ ಹಾಕಿ ಬಂದರು. ಆ ಸಲ ಶಾಸಕರು ಸೋತರು. ಅಪ್ಪ ಗಡ್ಡ ಬಿಟ್ಟರು. ಅಂಗಡಿಗೆ ಬಂದ ಮಕ್ಕಳು ಹೆದರಿಕೊಂಡು ಎರೇಸರ್ ಕೇಳದೆ ವಾಪಸ್ ಹೋಗುವಂಥ ಗಡ್ಡ. ಜನಕ್ಕೆ ಕೃತಜ್ಞತೆ ಇಲ್ಲ, ಉಪ್ಪು ತಿಂದ ಮನೆಗೆ ಎರಡು ಬಗೆದರು ಅಂತೆಲ್ಲ ಗೊಣಗುತ್ತ ಓಡಾಡುತ್ತಿದ್ದರು.

"ಕರೀದೆ ಇದ್ರೆ ಜನ ಎಲ್ಲಿಂದ ಬರ್ತಾರೋ?" ಅಂದರು ಅತ್ತೆ.

"ಕರೆಯೋದೇನಕ್ಕ, ಮನೆಮನೆಗೂ ಹೋಗಿದ್ವಲ್ಲ," ಅಂದರು ಅಪ್ಪ.

ಅತ್ತೆ ನನ್ನ ಮುಖ ನೋಡಿದರು. ನಾನು ಸಾರಿನಲ್ಲಿ ಕರಿಬೇವು ಹುಡುಕಿದೆ.

ಆಮೇಲಿನ ಚುನಾವಣೆಗೆ ನಾನು ಮದುವೆಯಾಗಿ ಮಲ್ಲೇಶ್ವರಕ್ಕೆ ಹೋಗಿದ್ದೆ. ವೋಟು ಮಾತ್ರ ಇನ್ನೂ ತವರಿನಲ್ಲೇ ಇತ್ತು, ಆ ನೆಪದಲ್ಲಿ ಬಂದು ಒಂದೆರಡು ವಾರ ಬಿದ್ದುಕೊಳ್ಳುತ್ತಿದ್ದೆ. ಆ ಸಲ ಮತಪತ್ರ ಹೋಗಿ ಮಷಿನ್ ಬಂದಿತ್ತು. ಅತ್ತೆಗೆ ಅದೇ ಯೋಚನೆಯಾಯಿತು. "ಕಾಗದ ಆದ್ರೆ ಸುಮ್ನೆ ಮಡಿಸಿ ಹಾಕ್ಬಹುದು. ಇದು ಏನಾದ್ರೂ ಒತ್ತೋವರೆಗೂ ಬಿಡಲ್ವಂತೆ. ಒತ್ತಿದ್ರೆ ಕುಯ್ಯ್ ಅನ್ನತ್ತಂತೆ. ಒತ್ತದೆ ಇದ್ರೆ ಊರಿಗೆಲ್ಲ ಗೊತ್ತಾಗತ್ತೆ." ರಾತ್ರಿ ಮಲಗಿದ ಮೇಲೂ ಅದನ್ನೇ ಅನ್ನುತ್ತಿದ್ದರು.

ಜೀಪು ಆ ಸಲವೂ ಕೈ ಬೀಸಿಕೊಂಡು ಹೋಯಿತು. ಅದಾದ ಮಾರನೇ ದಿನ ಉರಿಬಿಸಿಲಲ್ಲಿ ಒಬ್ಬ ಮನುಷ್ಯ, ಕೈಯಲ್ಲಿ ಒಂದು ಚೀಲ, ನಮ್ಮ ಗೇಟು ತೆಗೆದುಕೊಂಡು ಬಂದ. ಪಕ್ಷೇತರ ಅಭ್ಯರ್ಥಿ, ಗುರುತು ಹೊಲಿಗೆ ಮಷಿನ್. ಪಾಪ, ಹೊಸಬ, ಇದು ಯಾರ ಮನೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಹಿಂದೆ ಮುಂದೆ ಒಬ್ಬರೂ ಇರಲಿಲ್ಲ. "ಅಮ್ಮಾ, ಕುಡಿಯೋಕೆ ಸ್ವಲ್ಪ ನೀರು ಕೊಡ್ತೀರಾ," ಅಂದ. ಅತ್ತೆ ಒಳಗೆ ಕರೆದು ಟವಲ್ ಹಾಸಿದ ಕುರ್ಚಿಯಲ್ಲಿ ಕೂರಿಸಿ ನಿಂಬೆಹಣ್ಣಿನ ಪಾನಕ ಕೊಟ್ಟರು, ಕೋಡುಬಳೆ ಕೊಟ್ಟರು. ಅವನು ಅರ್ಧ ಡಬ್ಬಿ ಖಾಲಿ ಮಾಡಿ, ಕೈ ಒರೆಸಿಕೊಂಡು ಎದ್ದು ನಿಂತು, "ಗೆಲ್ಲಲ್ಲ ಅಂತ ನಂಗೂ ಗೊತ್ತಮ್ಮ. ಆದ್ರೂ ನಿಮ್ಮದೊಂದು ವೋಟು ನಂಗೆ ಹಾಕಿ," ಅಂದ.

ಅವನು ಹೋದ ಮೇಲೆ ಅತ್ತೆ ಅಡುಗೆಮನೆಗೆ ಬಂದರು. ಮುಖ ಕೆಂಪಗಾಗಿತ್ತು. "ಬಂದ, ಕೂತ, ಕೇಳ್ದ," ಅಂದರು.

ಮಷಿನ್ ಬಂದಿದ್ದರಿಂದ ಎಣಿಕೆಯಲ್ಲಿ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಅಂತ ತಿಳಿಯುತ್ತಿತ್ತು. ಶಾಸಕರು ಗೆದ್ದರು. ಅಪ್ಪ ಎಣಿಕೆಯ ಕೋಣೆಯಲ್ಲಿ ಏಜೆಂಟಾಗಿ ಕೂತಿದ್ದವರು ಗೆದ್ದ ಖುಷಿಯಿಲ್ಲದೆ ಮನೆಗೆ ಬಂದರು. ನಮ್ಮ ಬೂತಿನಲ್ಲಿ ಹೊಲಿಗೆ ಮಷಿನ್‌ಗೆ ಒಂದು ವೋಟು ಬಿದ್ದಿತ್ತು.

"ಒಂದೇ ಒಂದು," ಅಂದರು ಅಪ್ಪ. "ಅವ್ನು ಈ ಏರಿಯಾದವನೇ ಅಲ್ಲ. ಯಾರೋ ನಮ್ಮ ರಸ್ತೆಯವ್ರೇ ಹಾಕಿರೋದು. ಬೇಕು ಅಂತ ಹಾಕಿರೋದು. ನಾನು ಬಿಡಲ್ಲ."

ಆಮೇಲೆ ಅಪ್ಪ ಪತ್ತೇದಾರರಾದರು. ಮೊದಲ ಅನುಮಾನ ಹೋಮಿಯೋಪತಿ ಡಾಕ್ಟರರ ಮೇಲೆ, ಅವರು ಯಾವಾಗಲೋ ಚರಂಡಿ ಬಗ್ಗೆ ಒಂದು ಮಾತಾಡಿದ್ದರು ಅಂತ. ಎಷ್ಟೋ ವರ್ಷದಿಂದ ನೆಗಡಿಗೆ ಅವರ ಸಕ್ಕರೆ ಗುಳಿಗೆ ನುಂಗುತ್ತಿದ್ದ ಅಪ್ಪ ಆ ಮಳೆಗಾಲ ಪೂರ್ತಿ ಸೀನಿಕೊಂಡೇ ಓಡಾಡಿದರು, ಗುಳಿಗೆ ಮುಟ್ಟಲಿಲ್ಲ. ಆಮೇಲೆ ಉಪಾಯವಾಗಿ ಮನೆಮನೆಗೆ ಹೋಗಿ ಮಾತಿನ ನಡುವೆ "ನಿಮ್ಮನೇಲಿ ಹೊಲಿಗೆ ಮಷಿನ್ ಇದ್ಯಾ?" ಅಂತ ಕೇಳಿ ಮುಖಭಾವ ನೋಡಿಕೊಂಡು ಬರುತ್ತಿದ್ದರು. ಹೋದಲ್ಲೆಲ್ಲ ಜನ ಮಾಮೂಲಿ ಮುಖದಲ್ಲೇ ಇದ್ದರು. ಎದುರುಮನೆಯಾಕೆ ಮಾತ್ರ ನಮಗೆ ಮಷಿನ್ ಬೇಕಾಗಿದೆ ಅಂದುಕೊಂಡು ತಮ್ಮ ಹಳೆಯದನ್ನು ಒರೆಸಿ ಎಣ್ಣೆ ಬಿಟ್ಟು ಆಳಿನ ತಲೆಯ ಮೇಲೆ ಕಳಿಸಿಬಿಟ್ಟರು. ಅದು ಇವತ್ತೂ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿದೆ. ಅತ್ತೆ ಅದರಲ್ಲಿ ಅಪ್ಪನ ಬನೀನಿಗೆ ತೇಪೆ ಹಾಕುತ್ತ, "ಸಿಕ್ಕಿದ್ನೇನೋ ದ್ರೋಹಿ?" ಅಂತ ಕೇಳುತ್ತಿದ್ದರು. "ಸಿಗ್ತಾನೆ ಅಕ್ಕ, ಎಲ್ಲಿಗೆ ಹೋಗ್ತಾನೆ," ಅನ್ನುತ್ತಿದ್ದರು ಅಪ್ಪ.

ಅದಾಗಿ ಕೆಲವು ವರ್ಷಕ್ಕೆ ಕ್ಷೇತ್ರಗಳ ಮರುವಿಂಗಡಣೆ ಅಂತ ಬಂತು. ಯಾರೋ ದೊಡ್ಡ ಮನುಷ್ಯರು ನಕ್ಷೆಯ ಮೇಲೆ ಗೆರೆ ಎಳೆದರು. ಆ ಗೆರೆ ಬಂದು ಸರಿಯಾಗಿ ನಮ್ಮ ರಸ್ತೆಯ ಮೇಲೇ ಬಿತ್ತು. ಎದುರು ಸಾಲಿನ ಮನೆಗಳು ಶಾಸಕರ ಕ್ಷೇತ್ರದಲ್ಲೇ ಉಳಿದವು. ನಮ್ಮ ಸಾಲು ಬೇರೆ ಕ್ಷೇತ್ರಕ್ಕೆ ಹೋಯಿತು. ಹೋಮಿಯೋಪತಿ ಡಾಕ್ಟರು ನಮ್ಮ ಜೊತೆಗೇ ಬಂದರು, ಅದೊಂದು ಬೇರೆ ಸಂಕಟ ಅಪ್ಪನಿಗೆ.

ಅಪ್ಪ ಆ ವಾರ ಊಟ ಸರಿಯಾಗಿ ಮಾಡಲಿಲ್ಲ. ಹಪ್ಪಳ ಕೊಟ್ಟರೆ ಹಾಗೇ ಇಡೀ ಹಪ್ಪಳವನ್ನೇ ನೋಡುತ್ತ ಕೂರುತ್ತಿದ್ದರು. ನನಗೆ ಅಳು ಬಂದಿದ್ದು ಅತ್ತೆಯನ್ನು ನೋಡಿ. ಅವರಿಗೆ ಆಗ ಎಪ್ಪತ್ತೈದರ ಹತ್ತಿರ. ಗೇಟಿನ ಹತ್ತಿರ ನಿಲ್ಲುವ ಶಕ್ತಿ ಕಮ್ಮಿಯಾಗಿತ್ತು. "ಇನ್ನು ಅವ್ರು ಯಾಕೆ ಬರ್ತಾರೆ," ಅಂದರು. ಕೋಪವಿರಲಿಲ್ಲ ಮಾತಿನಲ್ಲಿ. ಇಷ್ಟು ವರ್ಷ ಎತ್ತಿಟ್ಟುಕೊಂಡಿದ್ದ ಒಂದು ವಸ್ತುವಿಗೆ ಗಿರಾಕಿಯೇ ಇಲ್ಲದ ಹಾಗಾಯಿತು ಅನ್ನೋ ಬೇಜಾರಿತ್ತು.

ಆದರೂ ಪ್ರಚಾರ ನಮ್ಮ ರಸ್ತೆಗೆ ಬರುವ ದಿನ ಅವರು ಕೋಡುಬಳೆ ಕರಿದರು. ಯಾಕತ್ತೆ ಅಂದೆ. "ಅಭ್ಯಾಸ ಆಗೋಗಿದೆ ಕಣೆ," ಅಂದರು. ಅಪ್ಪ ಜಗಲಿಯ ಮೇಲೆ ಶಲ್ಯವಿಲ್ಲದೆ ಕೂತಿದ್ದರು. ಪೈಲಟ್ ಕೆಲಸ ಎದುರು ಸಾಲಿನ ಯಾರೋ ಚಿಕ್ಕ ಹುಡುಗನಿಗೆ ಹೋಗಿತ್ತು.

ಮೆರವಣಿಗೆ ಬಂತು. ಶಾಸಕರೂ ಮುದುಕರಾಗಿದ್ದರು, ಮಂಡಿ ನೋವಿಗೆ ಒಂದು ಕಡೆ ವಾಲಿಕೊಂಡು ನಡೆಯುತ್ತಿದ್ದರು. ಎದುರು ಸಾಲಿನ ಹಳೆ ಮನೆಗಳೆಲ್ಲ ಅಷ್ಟು ಹೊತ್ತಿಗೆ ಅಪಾರ್ಟ್‌ಮೆಂಟ್ ಆಗಿದ್ದವು. ಗೇಟಿನಲ್ಲಿ ಸೆಕ್ಯೂರಿಟಿಯವನು ಇಂಟರ್‌ಕಾಮ್ ಒತ್ತಿ, "ಮೇಡಂ, ಎಮ್ಮೆಲ್ಲೆ ಬಂದವ್ರೆ, ಬಿಡ್ಲಾ?" ಅಂತ ಕೇಳುತ್ತಿದ್ದ. ಮೇಲಿನಿಂದ ಏನು ಉತ್ತರ ಬರುತ್ತಿತ್ತೋ, ಯಾರನ್ನೂ ಬಿಡುತ್ತಿರಲಿಲ್ಲ. ಶಾಸಕರು ಬಿಸಿಲಲ್ಲಿ ಅಲ್ಲೇ ನಿಂತು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಿದ್ದರು. ಆಮೇಲೆ ಸುತ್ತ ನೋಡಿದರು. ನಮ್ಮ ಜಗಲಿ ಕಂಡಿತು, ಅಪ್ಪ ಕಂಡರು, ಬಾಗಿಲಲ್ಲಿ ಅತ್ತೆ ಕಂಡರು. ಯಾರಿಗೂ ಏನೂ ಹೇಳದೆ ರಸ್ತೆ ದಾಟಿ ನಮ್ಮ ಗೇಟು ತೆಗೆದರು.

ಖರ್ಚಿನ ಲೆಕ್ಕಕ್ಕೆ ಅಂತ ಚುನಾವಣಾ ಆಯೋಗದವರು ಜೊತೆಗೆ ಕಳಿಸಿದ್ದ ವಿಡಿಯೋದವನು ಕಂಗಾಲಾದ. "ಸಾರ್, ಅದು ಬೇರೆ ಕ್ಷೇತ್ರ ಸಾರ್. ಆಫ್ ಮಾಡ್ಲಾ?" ಅಂತ ಅರ್ಧ ರಸ್ತೆಯಲ್ಲಿ ನಿಂತು ಕೂಗುತ್ತಿದ್ದ.

ಶಾಸಕರು ಒಳಗೆ ಬಂದರು. ಟವಲ್ ಹಾಸಿದ ಕುರ್ಚಿಯಲ್ಲಿ ಉಸ್ಸಪ್ಪಾ ಅಂತ ಕೂತರು. ಅತ್ತೆ ಕಾಫಿ, ಕೋಡುಬಳೆ ತಂದಿಟ್ಟರು. ಶಾಸಕರು ಒಂದು ಕೋಡುಬಳೆ ತೆಗೆದುಕೊಂಡು ಕಚ್ಚಿ ನೋಡಿದರು, ಆಗಲಿಲ್ಲ, ಹಲ್ಲಿನ ಸೆಟ್ಟು ಅಲ್ಲಾಡಿತು. ಆಮೇಲೆ ಅದನ್ನು ಕಾಫಿಯಲ್ಲಿ ಅದ್ದಿಕೊಂಡು ಮೆಲ್ಲಗೆ ಚೀಪತೊಡಗಿದರು.

"ಪ್ರತಿ ಸಲಾನೂ ನೀವು ಗೇಟ್ ಹತ್ರ ತಟ್ಟೆ ಹಿಡ್ಕೊಂಡು ನಿಂತಿರ್ತಿದ್ರಿ ಅಮ್ಮ," ಅಂದರು. "ಪ್ರತಿ ಸಲಾನೂ ಇಳೀಬೇಕು ಅಂದ್ಕೊಳ್ತಿದ್ದೆ. ಈ ಮಹಾನುಭಾವ ಬಿಟ್ರೆ ತಾನೆ. ಇದು ಗ್ಯಾರಂಟಿ ಮನೆ ಸಾರ್, ಟೈಮ್ ವೇಸ್ಟ್ ಬೇಡ, ಮುಂದೆ ನಡೀರಿ ಅಂತ ಓಡಿಸ್ಬಿಡೋರು."

ಅಪ್ಪ ಹೆಮ್ಮೆಯಿಂದ ನಕ್ಕರು. ಅತ್ತೆ ತಿರುಗಿ ಅವರನ್ನು ನೋಡಿದ ಮೇಲೆ ಆ ನಗು ಎಲ್ಲಿ ಇಡಬೇಕು ಅಂತ ಅವರಿಗೆ ತಿಳಿಯಲಿಲ್ಲ.

"ಗ್ಯಾರಂಟಿ ಯಾರೋ ಕೊಟ್ಟಿದ್ದು?" ಅಂದರು ಅತ್ತೆ.

"ಅಲ್ಲ ಅಕ್ಕ, ನಮ್ಮನೆ ಅಂದ್ಮೇಲೆ..."

"ನನ್ನ ಕೇಳಿದ್ಯಾ?"

ಅಪ್ಪ ಹೆಗಲ ಮೇಲೆ ಇಲ್ಲದ ಶಲ್ಯವನ್ನು ಸರಿಮಾಡಿಕೊಂಡರು. ಇಷ್ಟು ವರ್ಷದಲ್ಲಿ ಒಂದು ದಿನವೂ ಕೇಳಿರಲಿಲ್ಲ.

ಅತ್ತೆ ಶಾಸಕರ ಕಡೆ ತಿರುಗಿದರು. "ನಿಮ್ಗೆ ಹೇಳ್ಬಿಡ್ತೀನಿ. ನಾನು ಒಂದ್ಸಲಾನೂ ನಿಮ್ಗೆ ವೋಟು ಹಾಕಿಲ್ಲ. ನೀವು ಕರೀಲಿಲ್ಲ, ನಾನು ಹಾಕ್ಲಿಲ್ಲ. ಕಾಗದಾನ ಖಾಲಿ ಮಡಿಸಿ ಹಾಕಿ ಬರ್ತಿದ್ದೆ. ಹೋದ್ಸಲ ಆ ಹೊಲಿಗೆ ಮಷಿನ್ ಹುಡುಗ ಒಳಗೆ ಬಂದು ಕೂತು ಕೇಳ್ದ. ಅವನಿಗೆ ಹಾಕ್ದೆ."

ಅಪ್ಪ ಮೆಲ್ಲಗೆ ಪಕ್ಕದ ಗೋಡೆಯ ಕಡೆ, ಅಂದರೆ ಹೋಮಿಯೋಪತಿ ಡಾಕ್ಟರರ ಮನೆಯ ಕಡೆ, ತಿರುಗಿ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ನಾನು ಕಾಫಿ ಲೋಟಗಳನ್ನು ಎತ್ತಿಕೊಂಡೆ, ಇನ್ನೂ ಯಾರೂ ಕುಡಿದು ಮುಗಿಸಿರಲಿಲ್ಲ.

ಶಾಸಕರು ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ ಕೈಯಲ್ಲಿದ್ದ ನೆನೆದ ಕೋಡುಬಳೆಯನ್ನೇ ನೋಡುತ್ತಿದ್ದರು. ಹೀಗೆ ಎಷ್ಟು ಗ್ಯಾರಂಟಿ ಮನೆಗಳ ಮುಂದೆ ಕೈ ಬೀಸಿಕೊಂಡು ಹೋದೆನೋ ಅಂತ ಯೋಚಿಸುತ್ತಿದ್ದಿರಬೇಕು, ಸೋತ ಸಲದ್ದೂ ನೆನಪಾಗಿರಬೇಕು. ಆಮೇಲೆ ಕುರ್ಚಿಯ ಕೈ ಊರಿಕೊಂಡು ಎದ್ದರು. ಬಗ್ಗೋಕೆ ಮಂಡಿ ಬಿಡದಿದ್ದರೂ ಸಾಧ್ಯವಾದಷ್ಟು ಬಗ್ಗಿ, ಅತ್ತೆಯ ಮುಖ ನೋಡಿ ಕೈ ಮುಗಿದರು.

"ಅಮ್ಮ, ತಪ್ಪಾಯ್ತು. ಈ ಸಲ ಬಂದು ಕೇಳ್ತಿದೀನಿ. ನಂಗೆ ನಿಮ್ಮ ವೋಟು ಹಾಕಿ."

ಬಾಗಿಲಲ್ಲಿದ್ದ ಹುಡುಗರಲ್ಲಿ ಒಬ್ಬ, "ಸಾರ್, ಈ ಸೈಡು ನಮ್ದಲ್ಲ ಸಾರ್," ಅಂತ ಪಿಸುಗುಟ್ಟಿದ.

"ಗೊತ್ತು, ಸುಮ್ನಿರೋ," ಅಂದರು ಶಾಸಕರು.

ಅತ್ತೆ ಒಳಗಿನಿಂದ ತಟ್ಟೆ ತಂದರು. ಅವರ ಹಣೆಗೆ ಕುಂಕುಮ ಇಟ್ಟರು. ಸ್ವಲ್ಪ ಮೂಗಿನ ಮೇಲೂ ಬಿತ್ತು. "ಆಗ್ಲಿ. ಬರ್ತೀನಿ," ಅಂದರು.

ವೋಟಿನ ದಿನ ಬೆಳಗ್ಗೆ ಅತ್ತೆ ರೇಷ್ಮೆ ಸೀರೆ ಉಟ್ಟರು, ಮದುವೆಗೆ ಉಡುವಂಥದ್ದು. ನಮ್ಮ ಹೊಸ ಬೂತು ಹಿಂದಿನ ರಸ್ತೆಯ ಕಾಲೇಜಿನಲ್ಲಿತ್ತು. ಅತ್ತೆ ಗೇಟು ದಾಟಿದವರೇ ಎದುರಿನ ಹಳೆ ಶಾಲೆಯ ಕಡೆ ಹೊರಟರು. ಅಪ್ಪ ಛತ್ರಿ ಹಿಡಿದುಕೊಂಡು ಹಿಂದೆ ಓಡಿದರು. "ಅಕ್ಕ, ಅದಲ್ಲ, ಅಲ್ಲಿ ನಿನ್ನ ಹೆಸರಿರಲ್ಲ." ಅತ್ತೆ ನಿಲ್ಲಲಿಲ್ಲ. ಅಪ್ಪ ಒಂದು ಗಳಿಗೆ ರಸ್ತೆ ಮಧ್ಯೆ ನಿಂತರು. ಆಮೇಲೆ ಹೋಗಿ ಅವರ ತಲೆಯ ಮೇಲೆ ಛತ್ರಿ ಹಿಡಿದರು. ನಾನೂ ಹಿಂದೆ ಹೋದೆ.

ಅತ್ತೆ ಕ್ಯೂನಲ್ಲಿ ನಿಂತರು. ತಮ್ಮ ಸರದಿ ಬಂದಾಗ ಮೇಜಿನ ಮುಂದೆ ಹೋಗಿ ತಮ್ಮ ಹೆಸರು ಹೇಳಿದರು. ಅಧಿಕಾರಿ ಹಾಳೆ ತಿರುವಿದ, ಮತ್ತೆ ತಿರುವಿದ. "ಅಜ್ಜಿ, ನಿಮ್ಮ ಹೆಸರು ಇಲ್ಲಿಲ್ಲ. ನಿಮ್ಮ ಬೂತು ಬೇರೆ," ಅಂದ.

"ಗೊತ್ತಪ್ಪ," ಅಂದರು ಅತ್ತೆ. "ಅವರು ಮನೆಗೆ ಬಂದು ಕರೆದಿದ್ರು. ಬಂದಿದ್ದೆ ಅಂತ ಹೇಳಿ, ಸಾಕು."

ಅಧಿಕಾರಿ ಪಕ್ಕದಲ್ಲಿದ್ದ ಏಜೆಂಟರ ಮುಖ ನೋಡಿದ. ಇಂಥದ್ದಕ್ಕೆ ಅವನಿಗೆ ತರಬೇತಿ ಕೊಟ್ಟಿರಲಿಲ್ಲ. "ಆಯ್ತಮ್ಮ," ಅಂದ. ಅತ್ತೆ ಬೆರಳಿಗೆ ಮಸಿ ಇಲ್ಲದೆ ಹೊರಗೆ ಬಂದರು.

ಶಾಲೆಯ ಗೇಟಿನ ಹತ್ತಿರ ಅಪ್ಪ ಛತ್ರಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ಆಮೇಲೆ ಮೆಲ್ಲಗೆ, "ಅಕ್ಕ, ನಾನು ನಮ್ಮ ಬೂತಿಗೆ ಹೋಗ್ತಿದೀನಿ. ನೀನೂ ನಂಜೊತೆ ಬರ್ತೀಯಾ?" ಅಂದರು.

"ಯಾರಿಗೆ ಹಾಕ್ಲಿ?" ಅಂದರು ಅತ್ತೆ.

"ನಿಂಗೆ ಬೇಕಾದವ್ರಿಗೆ ಹಾಕು. ನಾನು ಕೇಳಲ್ಲ."

"ಈಗ ಕೇಳಿದ್ಯಲ್ಲ, ಸಾಕು. ನಡಿ," ಅಂದರು ಅತ್ತೆ.

ಆ ಸಲ ಶಾಸಕರು ಸೋತರು. ಸ್ವಲ್ಪದರಲ್ಲೇ ಸೋತರು ಅಂತ ಅಪ್ಪ ಹೇಳಿದರು. ಈ ಸಲ ಗಡ್ಡ ಬಿಡಲಿಲ್ಲ, ದ್ರೋಹಿ ಅನ್ನಲಿಲ್ಲ. ನೆಗಡಿಯಾಗಿದೆ ಅಂತ ಪಕ್ಕದ ಮನೆಗೆ ಹೋಗಿ ಎರಡು ಪೊಟ್ಟಣ ಗುಳಿಗೆ ತಂದರು. ಅಸಲಿಗೆ ನೆಗಡಿಯೇ ಇರಲಿಲ್ಲ.

ಫಲಿತಾಂಶ ಬಂದು ಕೆಲವು ದಿನಗಳ ಮೇಲೆ ಒಂದು ಸಂಜೆ ಗೇಟಿನ ಸದ್ದಾಯಿತು. ತಮಟೆಯಿರಲಿಲ್ಲ, ಜೀಪಿರಲಿಲ್ಲ, ಹುಡುಗರಿರಲಿಲ್ಲ. ಶಾಸಕರು, ಅಂದರೆ ಈಗ ಶಾಸಕರಲ್ಲದವರು, ಒಬ್ಬರೇ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಅತ್ತೆ ಹೊರಗೆ ಬಂದರು.

"ಬೂತಿಗೆ ಬಂದಿದ್ರಂತೆ," ಅಂದರು ಅವರು. "ನಮ್ಮ ಏಜೆಂಟ್ರು ಹೇಳಿದ್ರು."

"ಕರೆದಿದ್ರಲ್ಲ," ಅಂದರು ಅತ್ತೆ.